ಮೂರನೆಯ ಬಣ್ಣ ಬದಲಿಸು

ವಿಜಯಪುರ
25 ನವೆಂಬರ್ 2024

ಅಕ್ಕಾ,

ಎಂಟು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ನಿನ್ನ ಗಂಡನಿಗೆ, ಮಾಮಾಗೆ, ಮಾಡಿದರೆ "ಮಲಗ್ಯಾಳಪ್ಪ" ಎನ್ನುತ್ತಾರೆ. ಮುಂಜಾನೆ ಹತ್ತಕ್ಕೂ ಮಲಗಿರುತ್ತೀ, ಸಂಜೆ ಐದಕ್ಕೂ ಮಲಗಿರುತ್ತೀ. ಏಳು ತಿಂಗಳ ಬಸುರಿಯರು ಇಷ್ಟು ಮಲಗುತ್ತಾರೋ ಇಲ್ಲವೋ ನನಗೇನು ಗೊತ್ತು, ಕೇಳೋಣವೆಂದರೆ ಮನೆಯಲ್ಲಿ ಅವ್ವ ಇಲ್ಲ. ಅದಕ್ಕೇ ಈ ಕಾಗದ. ಹೊನವಾಡದ ಬಸ್ಸಿನ ಕಂಡಕ್ಟರ್ ಭಾಗಪ್ಪನ ಕೈಯಲ್ಲಿ ಕೊಡುತ್ತೇನೆ. ನಾನು ಮುದ್ರಿಸಿ ತರಿಸಿದ ಬಟ್ಟೆಯ ತುಂಡುಗಳನ್ನು ನಿನ್ನ ಮದುವೆಯಾದಾಗಿನಿಂದ ಮುಟ್ಟಿಸುತ್ತಿರುವವನು ಅವನೇ ಅಲ್ಲವೇ, ಒಂದು ಕಾಗದ ಅವನಿಗೆ ಭಾರವಾಗಲಿಕ್ಕಿಲ್ಲ.

ನಿನ್ನ ಕುಬಸದ ದಿನ ಆದದ್ದನ್ನು ನನ್ನ ಬಾಯಿಂದಲೂ ಒಮ್ಮೆ ಕೇಳು. ಬಸುರಿ ಮಗಳಿಗೆ ತವರಿನಿಂದ ಹಸಿರು ಸೀರೆ ಹೋಗಬೇಕು. ಅವ್ವ ಇದ್ದಿದ್ದರೆ ಬಜಾರಿಗೆ ಹೋಗಿ ತರುತ್ತಿದ್ದಳು. ನಾನಾದರೆ ಬಟ್ಟೆಯ ಮೇಲಿನ ವಿನ್ಯಾಸ ಬರೆದೇ ಬದುಕುವವನು. ಏಳು ವರ್ಷದಿಂದ ಯಾರ ಕೈಕೆಳಗೂ ಇಲ್ಲದೆ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮಾಳಿಗೆಯ ಕೋಣೆಯಲ್ಲಿ ಕುಳಿತು, ಎಲ್ಲೆಲ್ಲಿಯೋ ಇರುವ ಕಂಪನಿಗಳ ಚಾದರು, ಪರದೆ, ಕುಪ್ಪಸಗಳಿಗೆ ಹೂ ಬಳ್ಳಿ ಬರೆದುಕೊಡುತ್ತಿದ್ದೇನೆ. ನನ್ನ ಅಕ್ಕನಿಗೆ ಬಜಾರಿನ ಸೀರೆ ಯಾಕೆ ಎಂದು ನಾನೇ ಬರೆದೆ. ನಿಮ್ಮ ತೋಟದ ದ್ರಾಕ್ಷಿ ಬಳ್ಳಿಯ ಸುರುಳಿ ಕುಡಿಗಳನ್ನು ಸೆರಗಿನ ತುಂಬ ಹರಿಬಿಟ್ಟಿದ್ದೆ. ಎರಡು ತಿಂಗಳ ಕೆಲಸ. ಪ್ರತಿ ಸಲ ನಿನಗೆ ತುಂಡು ಕಳಿಸುತ್ತೇನೆ, ನೀನು "ಮೂರನೇ ಬಣ್ಣ ಬದಲಿಸು" ಎನ್ನುತ್ತೀ, ನಾನು ಬದಲಿಸುತ್ತೇನೆ. ನಿನಗೇ ಉಡಿಸುವ ಸೀರೆಯನ್ನು ನಿನಗೆ ಮೊದಲೇ ತೋರಿಸುವುದು ಹೇಗೆ? ಸೂರತ್ತಿನ ಮುದ್ರಣದವರಿಂದ ಬಂದ ಡಬ್ಬಿಯನ್ನು ಅಪ್ಪನಿಗೂ ತೋರಿಸದೆ ಹೊನವಾಡಕ್ಕೆ ಹೊತ್ತು ತಂದೆ.

ಡಬ್ಬಿ ತೆಗೆದಾಗ ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಬಗ್ಗಿ ನೋಡಿದರು. ನಿಮ್ಮ ಅತ್ತೆ ರಾಚವ್ವ ಸೀರೆಯ ಮಡಿಕೆಯನ್ನು ಎರಡು ಬೆರಳಲ್ಲಿ ಎತ್ತಿ, "ತವರಮನ್ಯಾಗ ಹಸರು ಅಂದ್ರ ಇದಕ್ಕ ಅಂತಾರೇನವಾ? ನಮಗ ತಿಳೀಲಿಲ್ಲ" ಎಂದರು. ನೀನು ಅದನ್ನು ಮಡಚಿ ಒಳಗಿಟ್ಟು, ಅತ್ತೆ ಕೊಟ್ಟ ಸೀರೆ ಉಟ್ಟುಕೊಂಡು ಬಂದು ಮಣೆಯ ಮೇಲೆ ಕುಳಿತೆ. ಆಮೇಲೆ ನಾವು ಹೊರಡುವತನಕ ನನ್ನ ಮುಖ ನೋಡಲಿಲ್ಲ. ದ್ರಾಕ್ಷಿ ಕುಡಿ ಯಾರಿಗೂ ಹಿಡಿಸಲಿಲ್ಲ ಎಂದುಕೊಂಡೆ.

ಬಸ್ಸಿನಲ್ಲಿ ಅಪ್ಪ ಬಾಯಿ ಬಿಟ್ಟ. "ಹಸರು ಸೀರಿ ತರ್ತೀನಿ ಅಂದಿದ್ದೆಲ್ಲೋ ಸಂಗು."

"ತಂದೇನಲ್ಲ."

"ಅದು ಹಸರೇನೋ?"

ನನ್ನ ಚೀಲದಲ್ಲಿ ಅದೇ ಸೀರೆಯ ಮಾದರಿ ತುಂಡು ಇತ್ತು. ತೆಗೆದು ತೋರಿಸಿದೆ. ಅಪ್ಪ ಅದನ್ನು ಕಸಿದುಕೊಂಡು ಭಾಗಪ್ಪನ ಮುಖದ ಮುಂದೆ ಹಿಡಿದ. ಭಾಗಪ್ಪ ಟಿಕೇಟು ಹರಿಯುವುದನ್ನು ಬಿಟ್ಟು, "ಚಾದ ಬಣ್ಣರಿ ಸಾವಕಾರ. ಹಾಲು ಕಮ್ಮಿ ಹಾಕಿದ ಚಾ" ಎಂದ. ತಿಕೋಟಾದಲ್ಲಿ ಹತ್ತಿದ ಮುದುಕಿಯೊಬ್ಬಳು ತಾನಾಗಿಯೇ ಬಗ್ಗಿ ನೋಡಿ, "ಹುಣಸಿಹಣ್ಣಿನ ಬಣ್ಣ ಐತಿ ನೋಡಪಾ" ಎಂದಳು. ಇಡೀ ಬಸ್ಸು ತೀರ್ಪು ಕೊಟ್ಟಿತು. ನಾನು ಕಿಟಕಿಯ ಗಾಜಿನಿಂದ ಹಾಗೆ ಕಾಣುತ್ತದೆ ಎಂದು ವಾದ ಮಾಡಿದೆ.

ಸೂರತ್ತಿನವರೇ ಏನೋ ಅದಲು ಬದಲು ಮಾಡಿದ್ದಾರೆ. ಅವರಿಗೆ ಕಟುವಾಗಿ ಬರೆದಿದ್ದೇನೆ. ತಪ್ಪು ಅವರದೆಂದು ಗೊತ್ತಾದ ಮೇಲಾದರೂ ಫೋನ್ ಎತ್ತು.

ಇಂತಿ ನಿನ್ನ ತಮ್ಮ,
ಸಂಗು


ವಿಜಯಪುರ
14 ಡಿಸೆಂಬರ್ 2024

ಅಕ್ಕಾ,

ತಪ್ಪು ಸೂರತ್ತಿನವರದಲ್ಲ. ನಾನು ಬಣ್ಣದ ಪಟ್ಟಿಯಿಂದ ಆರಿಸಿ ಕೊಟ್ಟ ನಂಬರನ್ನು ಅವರು ಇದ್ದದ್ದಿದ್ದ ಹಾಗೆ ಮುದ್ರಿಸಿದ್ದಾರೆ. ನನ್ನದೇ ಕಡತವನ್ನು ತಿರುಗಿ ಕಳಿಸಿ, ಕೆಳಗೆ "ಕಂದು" ಎಂದು ಬರೆದಿದ್ದರು. ಆ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ನನ್ನ ಕಣ್ಣಿಗೆ ಆ ನಂಬರಿನ ಚೌಕವೂ ಪಕ್ಕದ ಚೌಕವೂ ಒಂದೇ.

ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಚುಕ್ಕಿಗಳೇ ತುಂಬಿದ ಒಂದು ಪುಸ್ತಕ ಇಟ್ಟು, ಇದರೊಳಗಿನ ಅಂಕಿ ಓದಿರಿ ಎಂದರು. ಅಂಕಿ ಎಲ್ಲಿದೆ ಎಂದು ಕೇಳಿದೆ. ನನ್ನ ಹಿಂದೆ ಬೆಂಚಿನ ಮೇಲೆ ಕುಳಿತಿದ್ದ ಸಣ್ಣ ಹುಡುಗಿ ಅಲ್ಲಿಂದಲೇ "ಎಪ್ಪತ್ಮೂರು" ಎಂದಳು. ಹಾಳೆ ತಿರುವಿದರು, ಮತ್ತೆ ಚುಕ್ಕಿ. ಮತ್ತೆ ತಿರುವಿದರು, ಮತ್ತೆ ಚುಕ್ಕಿ.

"ಹುಟ್ಟಿನಿಂದ ಐತ್ರಿ ಇದು. ಹಸರು, ಕೆಂಪು, ಕಂದು ನಿಮಗ ಒಂದರಾಗೊಂದು ಕೂಡಿಬಿಡ್ತಾವ. ಔಷಧ ಇಲ್ಲ, ಹೆಚ್ಚೂ ಆಗೂದಿಲ್ಲ. ಏನ್ ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು.

ಕಿರಾಣಿ ಅಂಗಡಿ ಇದೆ ಎಂದೆ. ಅಪ್ಪನ ಅಂಗಡಿಯನ್ನು ನನ್ನದೆಂದು ಹೇಳಿ ಎದ್ದು ಬಂದೆ.

ನಿನಗೊಂದು ಸಂಗತಿ ಹೇಳಿರಲಿಲ್ಲ, ಕುಬಸದ ದಿನ ಊಟಕ್ಕೆ ಕುಳಿತಾಗ ಹೇಳಬೇಕೆಂದಿದ್ದೆ. ಸೊಲ್ಲಾಪುರದ ಒಂದು ದೊಡ್ಡ ಕಂಪನಿಯವರು ಇಡೀ ವರ್ಷದ ಚಾದರುಗಳ ಕೆಲಸವನ್ನು ನನಗೆ ಕೊಡುತ್ತೇವೆ ಎಂದಿದ್ದಾರೆ. ಇಪ್ಪತ್ನಾಲ್ಕು ವಿನ್ಯಾಸ. "ನಿಮ್ಮ ರೇಖೆಗಿಂತ ನಿಮ್ಮ ಬಣ್ಣ ಛಲೋ" ಎಂದು ಮಾಲಕರು ಬಾಯಿಬಿಟ್ಟು ಹೊಗಳಿದರು. ಆದರೆ ಮಾರ್ಚಿನಲ್ಲಿ ನಾನು ಅಲ್ಲಿಗೇ ಹೋಗಿ, ಬಣ್ಣ ಕಲಸುವ ಅವರ ಉಸ್ತಾದರ ಪಕ್ಕದಲ್ಲಿ ನಿಂತು, ಒಂದೊಂದು ಬಣ್ಣವನ್ನೂ ಅಲ್ಲೇ ನೋಡಿ ಒಪ್ಪಬೇಕಂತೆ. ಈ ಕೆಲಸ ಸಿಕ್ಕರೆ ನಾನು ಹೀಗೆ ಸ್ವತಂತ್ರವಾಗಿಯೇ ಬದುಕಬಹುದು. ಇಲ್ಲದಿದ್ದರೆ ಅಪ್ಪನ ಅಂಗಡಿಯಲ್ಲಿ ಬೇಳೆ ತೂಗುವುದು ಇದ್ದೇ ಇದೆ, ಡಾಕ್ಟರಿಗೆ ಹೇಳಿದ ಸುಳ್ಳು ನಿಜವಾಗುತ್ತದೆ.

ತುಂಬಿದ ಮನೆಯಲ್ಲಿ ನಿನ್ನ ಮಾನ ಕಳೆದೆ. ಬೇಕೆಂದು ಮಾಡಲಿಲ್ಲ, ಅಕ್ಕ. ಕ್ಷಮಿಸು. ಒಂದು ಮಾತ್ರ ನನಗೆ ತಿಳಿಯುತ್ತಿಲ್ಲ. ಕಣ್ಣು ಹೀಗಿದ್ದ ಮೇಲೆ ಏಳು ವರ್ಷ ಎಲ್ಲರೂ ನನ್ನ ಬಣ್ಣವನ್ನೇ ಯಾಕೆ ಹೊಗಳಿದರು?

ನಿನ್ನ,
ಸಂಗು


ಹೊನವಾಡ
3 ಜನವರಿ 2025

ತಮ್ಮಾ ಸಂಗು,

ನನಗ ನಿನ್ನಂಗ ಬರಿಯೂ ಕನ್ನಡ ಬರೂದಿಲ್ಲ, ಮಾತಾಡಿದಂಗ ಬರೀತೀನಿ. ಕುಂತ್ರ ಏಳಾಕ ಆಗವಲ್ದು, ಎದ್ರ ಕುಂದ್ರಾಕ ಆಗವಲ್ದು. ಈ ಕಾಗದ ಮೂರು ದಿನ ಆತು ಬರಿಯಾಕತ್ತು.

ನನಗ ಗೊತ್ತಿತ್ತು.

ನೀ ನಾಕನೇತ್ತಾ ಇದ್ದಾಗ ಸಾಲ್ಯಾಗ ಗಿಳಿ ಚಿತ್ರ ತಗದು ಅದಕ್ಕ ಕಂದು ಬಣ್ಣ ತುಂಬಿದ್ದಿ. ಮಾಸ್ತರು ಅದನ್ನ ಎಲ್ಲಾರಿಗೂ ತೋರಿಸಿ ನಗಿಸಿದ್ರಂತ. ಮನಿಗಿ ಬಂದವನ ಪಾಟಿಚೀಲ ಒಗದು, ಇನ್ನ ಚಿತ್ರ ತಗಿಯೂದಿಲ್ಲ ಅಂದಿ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾ ಆಗ ಏಳನೇತ್ತಾ. ನಿನ್ನ ಮುಂದ ಒಂದೊಂದ ಬಣ್ಣದ ಕಡ್ಡಿ ಹಿಡದು ಕೇಳಿ ನೋಡಿದೆ. ಹಸರು, ಕಂದು ಕೂಡಿ ಇಟ್ಟರ ನಿನಗ ಎರಡೂ ಒಂದ. ಅವತ್ತ ಎಲ್ಲಾ ಕಡ್ಡಿಗೂ ಬಣ್ಣದ ಹೆಸರಿನ ಚೀಟಿ ಅಂಟಿಸಿಕೊಟ್ಟೆ. ಚೀಟಿ ಯಾಕಂತ ನೀ ಕೇಳಿದ್ದಕ್ಕ, ಕಳೀಬಾರದಂತ ಹಚ್ಚೀನಿ ಅಂದೆ. ನೀ ಮತ್ತ ಚಿತ್ರ ತಗಿಯಾಕ ಕುಂತಿ. ನನಗ ಅಷ್ಟ ಬೇಕಾಗಿತ್ತು.

ಆಮ್ಯಾಲ ಅದ ರೂಢಿ ಆತು. ನೀ ಕಾಲೇಜಿಗೆ ಹೋದಿ, ಬಣ್ಣದ ಹಾಳಿ ಮನಿಗೇ ತಂದು ಮಾಡ್ತಿದ್ದಿ, ನಾ ಕಾಯಿಪಲ್ಲೆ ಹೆಚ್ಚಕೋಂತ ಬಾಜೂಕ ಕುಂತು ಹೇಳ್ತಿದ್ದೆ. ಕೆಲಸಾ ಸುರು ಮಾಡಿದಿ, ಅವಾಗೂ ಅದ. ಲಗ್ನ ಆಗಿ ಇಲ್ಲಿಗೆ ಬಂದ ಮ್ಯಾಲ ಭಾಗಪ್ಪನ ಕೈಯಾಗ ತುಂಡು ಕಳಿಸಿದಿ. ಮೂರನೇ ಬಣ್ಣ ಬದಲಿಸು, ಐದನೇದು ಬದಲಿಸು ಅಂತ ನಾ ಹೇಳಿದ್ದು ನನ್ನ ರುಚಿ ಅಂತ ನೀ ತಿಳಕೊಂಡಿದ್ದಿ. ರುಚಿ ಅಲ್ಲಪಾ ಅದು. ಎಲಿ ಕೆಂಪಾಗಿ, ಹೂ ಹಸರಾಗಿ ಬರ್ತಿದ್ವು.

ಕುಬಸದ ದಿನ ಡಬ್ಬಿ ತಗದ ಕೂಡ್ಲೆ ನನಗ ತಿಳೀತು, ಈ ಸಲ ನನಗ ತೋರಿಸಿಲ್ಲ, ಅದಕ್ಕ ಹಿಂಗಾಗೇತಿ ಅಂತ. ಅಷ್ಟು ಮಂದಿ ಮುಂದ "ನಮ್ಮ ತಮ್ಮಗ ಬಣ್ಣ ಕಾಣೂದಿಲ್ಲ" ಅಂತ ಒಂದು ಮಾತು ಆಡಿದ್ರ ನನ್ನ ಮಾನ ಉಳೀತಿತ್ತು, ನಿನ್ನ ಕೆಲಸಾ ಹೋಗ್ತಿತ್ತು. ಅದಕ್ಕ ಬಾಯಿ ಮುಚ್ಚಿಕೊಂಡು ಮಡಚಿ ಇಟ್ಟೆ. ಬೇಕಂತ ಮಾಡ್ಯಾರ ತವರಿನವರು ಅಂತ ಅತ್ತಿ ತಿಳಕೊಂಡಾರ, ಇನ್ನೂ ಸಿಟ್ಟು ಇಳಿದಿಲ್ಲ. ಫೋನ್ ಯಾಕ ಎತ್ತಲಿಲ್ಲ ಅಂದ್ರ, ನಿನ್ನ ದನಿ ಕೇಳಿದ್ರ ಹೇಳಿಬಿಡ್ತಿದ್ದೆ.

ಈಗ ಡಾಕ್ಟರ್ ಹೇಳ್ಯಾರ. ನಾ ಹಗರಾದೆ. ನೀ ಸಿಟ್ಟಾಗ್ತಿ, ಆಗು.

ಅಪ್ಪಗ ಮಂಡಿಗೆ ಎಣ್ಣಿ ಹಚ್ಚಿಕೋ ಅಂತ ಹೇಳು.

ನಿಮ್ಮಕ್ಕ,
ಸೌಭಾಗ್ಯ


ವಿಜಯಪುರ
11 ಜನವರಿ 2025

ಸೌಭಾಗ್ಯಕ್ಕನಿಗೆ,

ನಿನ್ನ ಕಾಗದ ಮುಟ್ಟಿತು.

ಇಪ್ಪತ್ತೆರಡು ವರ್ಷ. ನನ್ನ ಕಣ್ಣಿನ ಸಂಗತಿ ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಎಲ್ಲರೂ ನನ್ನನ್ನು ಹೊಗಳುವಾಗ ನೀನು ಪಕ್ಕದಲ್ಲಿ ಕುಳಿತು ಏನೆಂದುಕೊಳ್ಳುತ್ತಿದ್ದೆ? ಪಾಪ, ಹುಡುಗ ಖುಷಿಯಾಗಿರಲಿ ಎಂದೇ? ನಾನು ಒಂಬತ್ತು ವರ್ಷದ ಕೂಸಾಗಿದ್ದಾಗ ಹೇಳಲಿಲ್ಲ, ಸರಿ. ಹತ್ತೊಂಬತ್ತಾದಾಗ? ಇಪ್ಪತ್ತೊಂಬತ್ತಾದಾಗ? ಬೇರೆ ಕೆಲಸವನ್ನಾದರೂ ಕಲಿಯುತ್ತಿದ್ದೆ.

ಇನ್ನು ಮೇಲೆ ತುಂಡು ಕಳಿಸುವುದಿಲ್ಲ. ಸೊಲ್ಲಾಪುರದವರಿಗೆ ಆಗುವುದಿಲ್ಲ ಎಂದು ಬರೆಯುತ್ತೇನೆ. ಅಪ್ಪನ ಮಂಡಿಗೆ ಎಣ್ಣೆ ಹಚ್ಚಿದ್ದೇನೆ.

ಸಂಗಮೇಶ


ವಿಜಯಪುರ
2 ಮಾರ್ಚ್ 2025

ಅಕ್ಕಾ,

ಕೂಸಿನ ತೊಟ್ಟಿಲಿಗೆ ನಾನು ಬರುತ್ತೇನೋ ಇಲ್ಲವೋ ಎಂದು ನಿನಗೆ ಅನುಮಾನ ಇತ್ತಂತೆ, ಮಾಮಾ ಹೇಳಿದರು. ನನಗೂ ಇತ್ತು. ಅಪ್ಪ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ನೀ ಬಾ, ಬರಬ್ಯಾಡ, ನನಗ ಮೊಮ್ಮಗನ್ನ ನೋಡೂದೈತಿ" ಎಂದು ಹೊರಟೇಬಿಟ್ಟ. ಹಿಂದಿನಿಂದ ನಾನೂ ಬಂದೆ. ನೀನು ಕೂಸನ್ನು ನನ್ನ ತೊಡೆಯ ಮೇಲಿಟ್ಟು "ಕುತ್ತಿಗಿ ಹಿಡಿ" ಎಂದೆ. ಕುಬಸ ಆದಾಗಿನಿಂದ ನೀನು ನನ್ನ ಜೊತೆ ಆಡಿದ್ದು ಅದೊಂದೇ ಮಾತು. ಕುತ್ತಿಗೆ ಹಿಡಿದುಕೊಂಡು ಗಂಟೆಗಟ್ಟಲೆ ಕುಳಿತೆ, ಕೈ ಜೋಮು ಹಿಡಿದರೂ ಅಲುಗಾಡಲಿಲ್ಲ.

ಅವತ್ತು ಮನೆಗೆ ಬಂದವನು ಮಾಳಿಗೆಯ ಟ್ರಂಕು ತೆಗೆದೆ. ನೀನು ತಿರುಗಿ ಕಳಿಸಿದ ತುಂಡುಗಳೆಲ್ಲ ಅದರಲ್ಲೇ ಇವೆ. ಒಪ್ಪದ ಬಣ್ಣದ ಮೇಲೆ ದಾರದಿಂದ ಒಂದು ಗಂಟು ಹಾಕಿ, ಚೀಟಿಯಲ್ಲಿ ಬೇರೆ ನಂಬರು ಬರೆದು ಕಳಿಸುತ್ತಿದ್ದೆಯಲ್ಲ. ಅವನ್ನು ನೆಲದ ಮೇಲೆ ಹಾಸಿದೆ. ಒಂದೊಂದರ ಪಕ್ಕಕ್ಕೆ, ನೀನು ಹೇಳಿದಂತೆ ಬದಲಿಸಿದ ಮೇಲೆ ಬಂದ ಬಟ್ಟೆಯನ್ನು ಇಟ್ಟೆ. ನನ್ನ ಕಣ್ಣಿಗೆ ಜೋಡಿಜೋಡಿಯೂ ಒಂದೇ ಕಂಡವು. ಅಪ್ಪನನ್ನು ಮೇಲೆ ಕರೆದೆ.

ಕಿರಾಣಿ ಅಂಗಡಿಯವನಿಗೆ ಬಣ್ಣ ಎಂದರೆ ಕಾಳುಕಡಿ. ಗೋಡೆ ಹಿಡಿದುಕೊಂಡು ಕುಳಿತು ಒಂದೊಂದನ್ನೇ ಮುಟ್ಟಿ ಹೇಳಿದ. "ಇಲ್ಲಿ ನೀ ಎಲಿಗೆಲ್ಲಾ ಕೆಂಪು ಚನ್ನಂಗಿ ಬ್ಯಾಳಿ ಬಣ್ಣ ಹಾಕಿದ್ದಿ. ಆಕಿ ಹೆಸರುಕಾಳು ಮಾಡ್ಯಾಳ. ಇಲ್ಲಿ ಹೂವಿಗೆ ಹಸಿ ಮೆಣಸಿನಕಾಯಿ ಹಾಕಿದ್ದಿ, ಆಕಿ ಕೆಂಪು ಬ್ಯಾಡಗಿ ಮಾಡ್ಯಾಳ." ಮುಂದೆ ಮುಂದೆ ಹೋದಂತೆ ಅವನ ದನಿ ಸಣ್ಣದಾಯಿತು. ಕೊನೆಗೆ, "ಇದನ್ನೆಲ್ಲಾ ಆಕಿ ಯಾವಾಗ ಮಾಡಿದ್ಳೋ ಸಂಗು, ನನಗ ಒಂದ ದಿನಾನೂ ಕಾಣಲಿಲ್ಲಲ್ಲೋ" ಎಂದು ಕಣ್ಣೊರೆಸಿಕೊಂಡ.

ನನಗೂ ಕಾಣಲಿಲ್ಲ. ನಾನು ಗೆದ್ದೆ ಎಂದುಕೊಂಡ ಪ್ರತಿಯೊಂದು ಬಟ್ಟೆಯಲ್ಲಿ ನಿನ್ನ ಗಂಟು ಇದೆ. ಮಗ್ಗುಲಾಗಲು ಆಗದ ಬಸುರಿನಲ್ಲೂ ಹಾಕಿ ಕಳಿಸಿದ್ದೀ. ಜನವರಿಯಲ್ಲಿ ನಾನು ಬರೆದದ್ದು ಕೃತಘ್ನನ ಕಾಗದ. ಅದನ್ನು ಹರಿದುಹಾಕು. ನೀನು ಹೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನೀನು ಹೇಳಿದ್ದರೆ ನಾನು ಅವತ್ತೇ ಚಿತ್ರ ಬಿಡುತ್ತಿದ್ದೆ, ಅದೂ ನಿಜ. ನನಗೆ ಈ ಕೆಲಸ ಕೊಟ್ಟವಳು ನೀನು. ಇದನ್ನು ಹೇಳಲು ಇಪ್ಪತ್ತೆರಡು ವರ್ಷ ತಡವಾಯಿತು.

ಸೊಲ್ಲಾಪುರಕ್ಕೆ ನಾನು ಇನ್ನೂ ಏನೂ ಬರೆದಿರಲಿಲ್ಲ. ಈಗ ಬರುತ್ತೇನೆ ಎಂದು ಬರೆದಿದ್ದೇನೆ. ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ರೇಖೆ ನನ್ನದು, ಬಣ್ಣ ನಮ್ಮಕ್ಕನದು, ಇಬ್ಬರ ಹೆಸರೂ ಹಾಕಿ ಎಂದು ಕೇಳುತ್ತೇನೆ. ನೀನು ಹೂಂ ಎನ್ನಬೇಕು.

ಋಣಿಯಾದ ತಮ್ಮ,
ಸಂಗು


ಹೊನವಾಡ
10 ಮಾರ್ಚ್ 2025

ಸಂಗು,

ನಿನಗೇನು ಹುಚ್ಚು ಹಿಡದೈತೇನು? ಹೇಳಬ್ಯಾಡ. ಬಣ್ಣ ಕಾಣಲಾರದವನ ಕೈಯಾಗ ಬಣ್ಣದ ಕೆಲಸಾ ಯಾರರ ಕೊಡ್ತಾರೇನು? ಇಷ್ಟು ವರ್ಷ ನಾ ಬಾಯಿ ಕಟ್ಟಿಕೊಂಡು ಕುಂತದ್ದೆಲ್ಲಾ ನೀರಾಗ ಹೋಗ್ತದ. ಹೋಗೂದಾದ್ರ ಹೋಗು, ಕಣ್ಣು ಬ್ಯಾನಿ ಆಗೇತಿ ಅಂತ ಏನರ ನೆವಾ ಹೇಳಿ ತುಂಡು ತಗೊಂಡು ಬಾ. ಮೊದಲಿನಂಗ ನಾ ನೋಡಿ ಹೇಳ್ತೀನಿ, ಯಾರಿಗೂ ಗೊತ್ತಾಗೂದು ಬ್ಯಾಡ.

ಬಾಣಂತ್ಯಾಗಿ ಕುಂತಾಕಿ ನಾ. ಅತ್ತಿ ಮುಂದ ಇನ್ನೂ ಬಾಯಿ ಬಿಟ್ಟಿಲ್ಲ. ನನ್ನ ಹೆಸರು ಎಲ್ಲಿಯೋ ಸೊಲ್ಲಾಪುರದಾಗ ಯಾಕ ಬೇಕು?

ಹೇಳಬ್ಯಾಡ, ನನ್ನ ಆಣಿ ಐತಿ.

ಸೌಭಾಗ್ಯ

ಹೆಸರು ಹಾಕ್ತಾರ ಅಂದಿಯಲ್ಲ, ಬಟ್ಟಿ ಮ್ಯಾಲ ಎಲ್ಲಿ ಹಾಕ್ತಾರ? ಸುಮ್ನ ಕೇಳಿದೆ.


ಸೊಲ್ಲಾಪುರ
28 ಮಾರ್ಚ್ 2025

ಅಕ್ಕಾ,

ನಿನ್ನ ಆಣೆ ಮುರಿದೆ. ಹೇಳಿಬಿಟ್ಟೆ.

ಹೇಗಾಯಿತೆಂದು ಕೇಳು. ಬಸ್ಸಿನಲ್ಲಿ ಬರುವಾಗ ನೀನು ಹೇಳಿದ ಕಣ್ಣುಬೇನೆಯ ನೆವವನ್ನೇ ಬಾಯಿಪಾಠ ಮಾಡಿಕೊಂಡೆ. ಎಲ್ಲಿಯೋ ಧೈರ್ಯ ಸೋರಿಹೋಗಿತ್ತು. ಇಲ್ಲಿ ಬಣ್ಣ ಕಲಸುವ ಉಸ್ತಾದರ ಹೆಸರು ಲಾಡಲೇಸಾಬ. ಬಬಲೇಶ್ವರದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ನನ್ನನ್ನು ನೋಡಿದ ಕೂಡಲೇ, "ನಮ್ಮೂರ ಕಡೆ ಹುಡುಗ, ಏನ್ ಬಣ್ಣ ಹಾಕ್ತಾನ ಅಂತೀರಿ, ನೋಡ್ರಿ ಇವತ್ತ" ಎಂದು ಕೆಲಸದವರನ್ನೆಲ್ಲ ಕರೆದು ನಿಲ್ಲಿಸಿದರು. ಮಾಲಕರೂ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಲಾಡಲೇಸಾಬರು ಒದ್ದೆ ಬಟ್ಟೆಯ ಎರಡು ಪಟ್ಟಿಗಳನ್ನು ಮೇಜಿನ ಮೇಲೆ ಹಾಸಿ, "ಇವೆರಡರಾಗ ನಿಮ್ಮ ಬೇವಿನ ಎಲಿ ಹಸರು ಯಾವುದ್ರಿ? ನೀವ ಬಟ್ಟು ಇಟ್ಟು ತೋರಿಸ್ರಿ" ಎಂದರು.

ಎರಡೂ ಒಂದೇ ಇದ್ದವು. ಬೆರಳು ಎತ್ತಿದೆ, ಎಲ್ಲಿಯೂ ಇಡಲಾಗಲಿಲ್ಲ. ಕಣ್ಣು ಬೇನೆ ಎನ್ನಬೇಕೆಂದು ಬಾಯಿ ತೆರೆದರೆ ಬೇರೆಯೇ ಮಾತು ಬಂತು. "ನನಗ ಗೊತ್ತಾಗೂದಿಲ್ಲರಿ. ನಮ್ಮಕ್ಕನ್ನ ಕೇಳಬೇಕು."

ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ನಾನು ನಗಲಿಲ್ಲ.  ಹುಟ್ಟಿನಿಂದ ಹೀಗೆಂದು ಹೇಳಿದೆ. ಮಾಲಕರು ಆ ಎರಡು ಪಟ್ಟಿಗಳನ್ನು ಕೈಗೆತ್ತಿಕೊಂಡು, "ಮತ್ತ ಏಳು ವರ್ಷದ್ದು ಈ ಬಣ್ಣ ಯಾರ ಮಾಡಿದ್ರು?" ಎಂದು ಕೇಳಿದರು. "ನಮ್ಮಕ್ಕ. ಸೌಭಾಗ್ಯ ಅಂತ. ಹೊನವಾಡದಾಗ ಇರ್ತಾಳ" ಎಂದೆ. ಚಹಾ ಕುಡಿದು ಬಾ ಎಂದು ನನ್ನನ್ನು ಹೊರಗೆ ಕಳಿಸಿದರು.

ಹೊರಗೆ ಕಟ್ಟೆಯ ಮೇಲೆ ಕುಳಿತೆ. ಎಲ್ಲ ಮುಗಿಯಿತು ಎಂದುಕೊಂಡೆ, ಆದರೂ ಎದೆಯ ಮೇಲಿನ ಕಲ್ಲು ಯಾರೋ ಇಳಿಸಿದ ಹಾಗಿತ್ತು. ಲಾಡಲೇಸಾಬರು ಬಂದು ಪಕ್ಕದಲ್ಲಿ ಕುಳಿತು ತಮ್ಮ ಕಿವಿ ತೋರಿಸಿದರು. "ಇದು ಸರಿಯಾಗಿ ಕೇಳೂದಿಲ್ಲ ನನಗ, ಮಶೀನ್ ಸಪ್ಪಳಕ್ಕ ಹೋಗೇತಿ. ಮಗಳು ಇರ್ಫಾನಾ ಬಾಜೂಕ ಇರ್ತಾಳ, ಮಾಲಕರು ಫೋನಿನ್ಯಾಗ ಹೇಳಿದ್ದು ಆಕಿ ಚೀಟಿ ಮ್ಯಾಲ ಬರದು ಕೊಡ್ತಾಳ. ಹತ್ತು ವರ್ಷ ಆತು, ಕೆಲಸಾ ಎಲ್ಲಿ ನಿಂತೈತಿ?" ಎಂದರು. ಎದ್ದು ಒಳಗೆ ಹೋದರು. ಅವರು ಮಾಲಕರಿಗೆ ಏನು ಹೇಳಿದರೋ ಗೊತ್ತಿಲ್ಲ, ಜೋರಾಗಿ ಮಾತಾಡುವುದು ಮಾತ್ರ ಕೇಳಿಸಿತು.

ಇಪ್ಪತ್ನಾಲ್ಕು ಕೊಡಲಿಲ್ಲ, ಅಕ್ಕ. ಆರು ಕೊಟ್ಟಿದ್ದಾರೆ. ಉಳಿದದ್ದನ್ನು ಬೇರೆಯವರಿಗೆ ಕೊಡುತ್ತಾರೆ. ಈ ಆರು ಸರಿಯಾಗಿ ಬಂದರೆ ದೀಪಾವಳಿಯದನ್ನು ನೋಡೋಣ ಎಂದಿದ್ದಾರೆ. ನನಗೆ ಆರು ಸಾಕು. ಸುಳ್ಳಿಲ್ಲದ ಆರು.

ಹೆಸರು ಎಲ್ಲಿ ಹಾಕುತ್ತಾರೆ ಎಂದು ಸುಮ್ಮನೆ ಕೇಳಿದ್ದೆಯಲ್ಲ, ಸುಮ್ಮನೆ ಹೇಳುತ್ತೇನೆ. ಬಟ್ಟೆಯ ಅಂಚಿಗೆ ಒಂದು ಬಿಳಿ ಪಟ್ಟಿ ಉಳಿದಿರುತ್ತದೆ. ಅದರಲ್ಲಿ ಬಳಸಿದ ಬಣ್ಣಗಳ ಒಂದೊಂದು ಚುಕ್ಕಿ, ಪಕ್ಕದಲ್ಲಿ ಬರೆದವರ ಹೆಸರು. ಅಲ್ಲಿ ಈಗ "ರೇಖೆ ಸಂಗಮೇಶ, ಬಣ್ಣ ಸೌಭಾಗ್ಯ" ಎಂದು ಬರುತ್ತದೆ. ನೀನು ಸಹಿ ಮಾಡಬೇಕಾದ ಕಾಗದ ಇದರೊಂದಿಗಿದೆ. ಮೊದಲ ವಿನ್ಯಾಸದ ಹನ್ನೊಂದು ತುಂಡುಗಳ ಗಂಟನ್ನೂ ವಿಜಯಪುರದ ಬಸ್ಸಿನಲ್ಲಿ ಕಳಿಸಿದ್ದೇನೆ, ಅಲ್ಲಿಂದ ಭಾಗಪ್ಪ ಮುಟ್ಟಿಸುತ್ತಾನೆ. ಆಣೆ ಮುರಿದದ್ದಕ್ಕೆ ಬೈಯುವುದಿದ್ದರೆ ತುಂಡು ನೋಡಿದ ಮೇಲೆ ಬೈ.

ನಿನ್ನ,
ಸಂಗು


ಹೊನವಾಡ
14 ಏಪ್ರಿಲ್ 2025

ತಮ್ಮಾ ಸಂಗು,

ಗಂಟು ಮುಟ್ಟಿತು. ಭಾಗಪ್ಪ ಅಂಗಳದಾಗ ನಿಂತು "ಸೊಲ್ಲಾಪುರದಿಂದ ಬಂದೈತ್ರೆವಾ" ಅಂತ ಊರಿಗೆಲ್ಲಾ ಕೇಳೂವಂಗ ಒದರಿ ಹೋದ. ಮುಚ್ಚಿಡೂದು ಅಲ್ಲಿಗೆ ಮುಗೀತು. ಅತ್ತಿ "ಏನದು?" ಅಂದ್ರು. ಕುಂದ್ರಿಸಿ ಎಲ್ಲಾ ಹೇಳಿದೆ. ಗಿಳಿ ಚಿತ್ರದಿಂದ ಹಿಡದು ಕುಬಸದ ತನಕ.

ಅತ್ತಿ "ಕಾಣಲಾರದ ಹುಡುಗನ ಮ್ಯಾಲ ಐದು ತಿಂಗಳ ಸಿಟ್ಟು ಹೊತ್ತು ತಿರುಗಿದೆ. ನಿನಗರ ಬಾಯಿ ಇರಲಿಲ್ಲೇನ?" ಅಂತ ನನಗ ಬೈದ್ರು. ಬೈಸಿಕೊಂಡು ನನಗ ಎಷ್ಟು ಸಮಾಧಾನ ಆತು ಅಂದ್ರ, ಅವರ ಕೈ ಹಿಡದು ಅತ್ತೆ. ಮುಂದಿನ ಸಲ ಬಂದಾಗ ಊಟ ಮಾಡದ ಹೋದಿ ಅಂದ್ರ ಬಾಗಿಲಾ ಹಾಕ್ತಾರಂತ, ಹೇಳಂದಾರ.

ಈಗ ಇಲ್ಲಿ ಮನೂಕ ಆರಿಸೂ ಸುಗ್ಗಿ. ಒಣದ್ರಾಕ್ಷಿ ಹಸರಿದ್ದದ್ದು ಒಂದು ಕಡೆ, ಹಳದಿ ಒಂದು ಕಡೆ, ಕೆಂಪಾದದ್ದು ಒಂದು ಕಡೆ. ಆ ಕೆಲಸದಾಗ ಅತ್ತಿ ಕಣ್ಣು ಅಂದ್ರ ಕಣ್ಣು, ವ್ಯಾಪಾರಿಗಳು ಅವರ ಮಾತಿಗೆ ಎದುರಾಡೂದಿಲ್ಲ. ಶೆಡ್ಡಿಗೆ ನೆರಳಿಗಂತ ಹಸರು ಜಾಳಗಿ ಬಲಿ ಕಟ್ಟೇವಿ, ಅದರ ಕೆಳಗ ಬಣ್ಣ ಸುಳ್ಳು ಕಾಣತಾವ, ಅಂತ ನಿನ್ನ ತುಂಡು ಅಂಗಳಕ್ಕ ತಂದು ಬಿಳಿ ಧೋತರದ ಮ್ಯಾಲ ಹಾಸಿದೆ. ಅತ್ತಿ ತಾವ ಬಂದು ಬಗ್ಗಿ ನೋಡಿ ಏಳನೇದಕ್ಕ ಬಟ್ಟಿಟ್ಟು, "ಇದು ಎರಡನೇ ನಂಬರ ಮನೂಕ, ಬ್ಯಾಡ ತಗಿ" ಅಂದ್ರು. ನಾ ಗಂಟು ಹಾಕಿದ್ದೂ ಅದಕ್ಕ. ಏಳನೇದು ಬದಲಿಸು, ಉಳಿದದ್ದು ಇರಲಿ. ನಂಬರು ಚೀಟಿ ಮ್ಯಾಲ ಐತಿ.

ಕಂಪನಿ ಕಾಗದಕ್ಕ ಸಹಿ ಮಾಡೀನಿ. "ಬಣ್ಣ" ಅಂತ ಬರದ ಮುಂದ ನನ್ನ ಹೆಸರು ನೋಡಿ ಮೊದಲು ಅದು ಬ್ಯಾರೆ ಯಾರದೋ ಅನ್ಸಿತು. ಕಾಯಿಪಲ್ಲೆ ಹೆಚ್ಚಕೋಂತ ಹೇಳಿದ ಮಾತು ಕೆಲಸಾ ಅಂತ ನನಗ ಎಂದೂ ತಿಳಿದಿರಲಿಲ್ಲ, ಸಂಗು. ಯಾರೂ ಹೇಳಿರಲಿಲ್ಲ. ನೀ ಹತ್ತು ಮಂದಿ ಮುಂದ ಹೇಳಿದಿ. ನೀ ನನಗ ಋಣಿ ಅಂತ ಬರದಿ, ನಾ ನಿನಗ ಏನಂತ ಬರೀಲಿ?

ಇನ್ನೊಂದು ಸಂಗತಿ. ಮೊನ್ನೆ ಕೂಸಿಗೆ ಸೂಜಿ ಹಾಕಿಸಾಕ ತಿಕೋಟಾಕ್ಕ ಹೋಗಿದ್ದೆ. ಡಾಕ್ಟರಬಾಯಿಗೆ ನಿನ್ನ ಕಣ್ಣಿಂದು ಕೇಳಿದೆ. ಇದು ತಾಯಿ ಕಡಿಂದ ಗಂಡಮಕ್ಕಳಿಗೆ ಬರ್ತದಂತ. ಅವ್ವನಿಂದ ನಿನಗ ಬಂದಂಗ ನನ್ನಿಂದ ಇವಗೂ ಬರಬಹುದು, ಬರದನೂ ಇರಬಹುದು, ಕೂಸು ಮಾತಾಡೂತನಕ ಗೊತ್ತಾಗೂದಿಲ್ಲ ಅಂದ್ರು. ಬಸ್ಸಿನ್ಯಾಗ ಬರೂಮುಂದ ಇವನ ಕಣ್ಣ ನೋಡ್ಕೋಂತ ಬಂದೆ. ನನ್ನ ಮಾರಿ ನೋಡಿ ನಗಾಕತ್ತಿದ್ದ.

ಬಂದ್ರ ಬರಲಿ. ಇವಗ ಮಾತು ತಿಳಿಯೂ ದಿನಾನ ಹೇಳ್ತೀನಿ. ನಿನಗ ಇಂಥಾ ಬಣ್ಣ ಗೊತ್ತಾಗೂದಿಲ್ಲಪಾ, ಗೊತ್ತಿದ್ದವರನ್ನ ಕೇಳು, ಕೇಳಿದ್ರ ಸಣ್ಣವ ಆಗೂದಿಲ್ಲ ಅಂತೀನಿ. ನಿಮ್ಮ ಸೋದರಮಾಮಾ ಸೊಲ್ಲಾಪುರದಾಗ ಎಲ್ಲಾರ ಮುಂದ ನನಗ ಗೊತ್ತಾಗೂದಿಲ್ಲ ಅಂದಾನ, ಅವನ ಕೆಲಸಾ ಉಳೀತು ಅಂತ ಹೇಳ್ತೀನಿ. ನೀ ಅವತ್ತ ಸುಳ್ಳು ಹೇಳಿ ಬಂದಿದ್ರ ನಾ ಇವನ ಮುಂದನೂ ಬಾಯಿ ಮುಚ್ಚಿಕೊಂಡು ಜೀವ ತೇಯ್ತಿದ್ದೆ. ನಿನ್ನ ಒಂದು ಮಾತಿನಿಂದ ನನಗ ಇವನ ಕಣ್ಣಿನ ಹೆದರಿಕಿ ಹೋತು.

ನಿಮ್ಮಕ್ಕ,
ಸೌಭಾಗ್ಯ